ಇಪ್ಪತ್ತಾರು ವರ್ಷವಾದರೂ ಮಾಸದ ಸಾಲು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ ಇದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಪರದೆಯ ಮೇಲಿರುವ ಈ ಚಿತ್ರವನ್ನು ಒಂದು ನಿಮಿಷ ಸುಮ್ಮನೆ ನೋಡಿ. ಕಂದು ಬಣ್ಣದ ನುಣುಪು ಮಣ್ಣು, ಅದರ ಮೇಲೆ ಉದ್ದಕ್ಕೆ ಹೊಡೆದ ಸಾಲುಗಳು. ಸಾಲಿನ ಅಂಚಿನಲ್ಲಿ ಮಗುಚಿ ಬಿದ್ದಿರುವ ಹೆಂಟೆಗಳ ಮೂಲೆ ಕೂಡ ಸವೆದಿಲ್ಲ. ಬೆಳಗ್ಗೆ ಉತ್ತು ಮಧ್ಯಾಹ್ನ ಬಿಟ್ಟ ಹೊಲದಂತೆ ಕಾಣುತ್ತದೆ. ಇದು ಪೆಸಿಫಿಕ್ ಸಾಗರದಲ್ಲಿ, ಪೆರು ಬೇಸಿನ್ ಎಂಬ ಕಡೆ, 4,150 ಮೀಟರ್ ಆಳದಲ್ಲಿರುವ ನೆಲ. ಉತ್ತದ್ದು 1989ರಲ್ಲಿ. ಚಿತ್ರ ತೆಗೆದದ್ದು 2015ರಲ್ಲಿ.

ಹ್ಯಾಲ್ಮರ್ ಥೀಲ್ ಎಂಬ ಜರ್ಮನ್ ವಿಜ್ಞಾನಿಯ ತಂಡ ಮಾಡಿದ ಪ್ರಯೋಗ ಇದು. ಡಿಸ್ಕೋಲ್ ಎಂದು ಹೆಸರು. ಸಮುದ್ರತಳದಲ್ಲಿ ಗಣಿಗಾರಿಕೆ ನಡೆದರೆ ಅಲ್ಲಿಯ ಜೀವಿಗಳ ಗತಿ ಏನು, ಅವು ಮತ್ತೆ ಬಂದು ನೆಲೆಸುತ್ತವೆಯೇ ಎಂದು ಮೊದಲೇ ತಿಳಿದುಕೊಳ್ಳಬೇಕು ಅನ್ನುವುದು ಅವರ ಉದ್ದೇಶವಾಗಿತ್ತು. ಎಂಟು ಮೀಟರ್ ಅಗಲದ, ನೇಗಿಲು ಮತ್ತು ಕುಂಟೆ ಎರಡನ್ನೂ ಕೂಡಿಸಿದಂಥ ಸಲಕರಣೆಯೊಂದನ್ನು ಹಡಗಿನಿಂದ ಇಳಿಬಿಟ್ಟರು. ಸುಮಾರು 11 ಚದರ ಕಿಲೋಮೀಟರ್ ವೃತ್ತದೊಳಗೆ ಅಡ್ಡಡ್ಡ ಉದ್ದುದ್ದ 78 ಸಲ ಎಳೆದರು. ಅಷ್ಟು ಎಳೆದರೂ ಆ ವೃತ್ತದ ಸುಮಾರು ಐದನೇ ಒಂದು ಭಾಗಕ್ಕೆ ಮಾತ್ರ ನೇಗಿಲು ನೇರವಾಗಿ ತಾಗಿತ್ತು. ಅಲ್ಲಿಂದ ಏನನ್ನೂ ಹೊತ್ತು ತರಲಿಲ್ಲ, ಬರೀ ಮಣ್ಣು ಮಗುಚಿದರು.

ಇಪ್ಪತ್ತಾರು ವರ್ಷದ ಬಳಿಕ ಹೋಗಿ ನೋಡಿದವರಿಗೆ ಈ ಸಾಲುಗಳು ಕಂಡವು. ಸಾಲಿನ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಗಳನ್ನು ಅಳೆದು ನೋಡಿದಾಗ, ಅವುಗಳ ಕೆಲಸ ಇನ್ನೂ ಅಕ್ಕಪಕ್ಕದ ನೆಲದ ಮಟ್ಟಕ್ಕೆ ಬಂದಿರಲಿಲ್ಲ. ಪೂರ್ತಿ ಚೇತರಿಸಲು 50 ವರ್ಷಕ್ಕೂ ಹೆಚ್ಚು ಬೇಕು ಎಂದು ಲೆಕ್ಕ ಹಾಕಿದರು. ನೀರನ್ನು ಸೋಸಿ ತಿಂದು ಬದುಕುವ, ಕೂತಲ್ಲೇ ಕೂರುವ ಪ್ರಾಣಿಗಳು ಆ ಜಾಗದಲ್ಲಿ ಆಗಲೂ ವಿರಳ. ಎಷ್ಟು ಓದಿದ್ದರೂ ಈ ಚಿತ್ರ ನೋಡಿದಾಗಲೆಲ್ಲ ನನಗೆ ಹೊಸದಾಗಿ ಸಂಕಟವಾಗುತ್ತದೆ. ನಮ್ಮ ನೆಲದ ಮೇಲೆ ಒಂದು ಮಳೆಗಾಲ ಅಳಿಸಿಹಾಕುವ ಗೀರನ್ನು ಆ ನೆಲ ಒಂದು ತಲೆಮಾರು ಕಾಲ ಹಾಗೇ ಹೊತ್ತುಕೊಂಡಿದೆ.

ಅಲ್ಲಿಗೆ ಹೋಗಿ ಅಗೆಯಬೇಕೆನ್ನುವಂಥದ್ದು ಏನಿದೆ? ಕಪ್ಪು ಗಂಟುಗಳು. ಆಲೂಗಡ್ಡೆ ಗಾತ್ರದ, ಮುಟ್ಟಿದರೆ ಕೈಗೆ ಮಸಿಯಾಗುವ ಉಂಡೆಗಳು. ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್, ತಾಮ್ರ ಎಲ್ಲವೂ ಒಂದೇ ಗಂಟಿನಲ್ಲಿ ಸಿಗುತ್ತವೆ, ಹಾಗಾಗಿ ಬಹುಲೋಹ ಗಂಟು ಅನ್ನುತ್ತಾರೆ. ಬ್ರಿಟನ್ನಿನ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದಾಗ ಬಲೆಗೆ ಸಿಕ್ಕಿ ಮೇಲೆ ಬಂದದ್ದು ಇವೇ. ಹವಾಯಿ ಮತ್ತು ಮೆಕ್ಸಿಕೋ ನಡುವೆ ಕ್ಲಾರಿಯನ್-ಕ್ಲಿಪರ್ಟನ್ ವಲಯ ಅಂತ ಇದೆ, ಸುಮಾರು 45 ಲಕ್ಷ ಚದರ ಕಿಲೋಮೀಟರ್. ಗಂಟುಗಳ ದೊಡ್ಡ ರಾಶಿ ಅಲ್ಲಿದೆ. ಮಧ್ಯ ಹಿಂದೂ ಮಹಾಸಾಗರದ ತಳದಲ್ಲೂ ಇವೆ. ಅಲ್ಲಿ ಭಾರತ ಒಂದು ಪ್ರದೇಶವನ್ನು ಅನ್ವೇಷಣೆಗೆಂದು ಪಡೆದುಕೊಂಡಿದೆ, 1997ರಲ್ಲಿ ಡಿಸ್ಕೋಲ್ ಮಾದರಿಯಲ್ಲೇ ಮಣ್ಣು ಕಲಕಿ ಪರಿಣಾಮ ನೋಡುವ ಪ್ರಯೋಗವನ್ನೂ ಮಾಡಿದೆ.

ಒಂದು ಗಂಟು ಹುಟ್ಟುವ ಬಗೆ ಕೇಳಿ. ಯಾವುದೋ ಕಾಲದಲ್ಲಿ ಸತ್ತ ಶಾರ್ಕ್ ಒಂದರ ಹಲ್ಲು ತಳಕ್ಕೆ ಬಂದು ಬೀಳುತ್ತದೆ. ನೀರಿನಲ್ಲಿ, ಮಣ್ಣಿನ ತೇವದಲ್ಲಿ ಕರಗಿರುವ ಲೋಹ ಅದರ ಮೇಲೆ ಪದರಪದರವಾಗಿ ಕೂರುತ್ತದೆ. ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್, ಬೇಗ ಬೆಳೆದರೆ ಒಂದು ಸೆಂಟಿಮೀಟರ್. ಗಂಟನ್ನು ಕತ್ತರಿಸಿದರೆ ಮರದ ಕಾಂಡದಲ್ಲಿರುವಂಥ ಉಂಗುರಗಳು ಕಾಣುತ್ತವೆ, ಕೆಲವೊಮ್ಮೆ ನಟ್ಟನಡುವೆ ಆ ಹಲ್ಲೂ ಇರುತ್ತದೆ. ಅಂಗೈ ತುಂಬುವ ಗಂಟು ಅಂದರೆ ಅದು ಮನುಷ್ಯ ಅನ್ನುವ ಪ್ರಾಣಿ ಇರದಿದ್ದ ಕಾಲದಿಂದ ಅದೇ ಜಾಗದಲ್ಲಿ ಕೂತಿದೆ ಅಂತ ಅರ್ಥ.

ಈಗ ಅಲ್ಲಿರುವ ಜೀವಿಗಳ ವಿಷಯಕ್ಕೆ ಬರೋಣ. ನಾನು ಬಂದಿರುವುದೇ ಅವುಗಳ ಬಗ್ಗೆ ಹೇಳಲು.

ಬಹಳ ಕಾಲ ಈ ತಳವನ್ನು ಮರುಭೂಮಿ ಅಂದುಕೊಂಡಿದ್ದರು. ಹಾಗೆ ಅಂದುಕೊಂಡವರನ್ನು ತಪ್ಪು ಅನ್ನಲಾರೆ. ಬೆಳಕಿಲ್ಲ. ನೀರಿನ ತಾಪ ಒಂದೆರಡು ಡಿಗ್ರಿ. ಒತ್ತಡ ನಾವು ಕೂತಿರುವಲ್ಲಿಗಿಂತ ನಾನೂರು ಪಟ್ಟು. ಊಟ ಅಂದರೆ ಮೇಲಿನಿಂದ ಉದುರುವ ಪುಡಿ: ಸತ್ತ ಪಾಚಿ, ಪುಟ್ಟ ಪ್ರಾಣಿಗಳ ಹಿಕ್ಕೆ, ಪೊರೆ. ಇದನ್ನು ಕಡಲ ಹಿಮ ಅನ್ನುತ್ತಾರೆ. ಮೇಲ್ಪದರದಲ್ಲಿ ಹುಟ್ಟಿದ ಆಹಾರದಲ್ಲಿ ನೂರಕ್ಕೆ ಒಂದು ಪಾಲು ತಳ ಮುಟ್ಟಿದರೆ ಹೆಚ್ಚು. ಇಷ್ಟು ಬಡ ನೆಲದಲ್ಲಿ ಏನು ತಾನೇ ಬದುಕೀತು?

2023ರಲ್ಲಿ ವಿಜ್ಞಾನಿಗಳು ಕ್ಲಾರಿಯನ್-ಕ್ಲಿಪರ್ಟನ್ ವಲಯದ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ ಎಣಿಸಿದರು. 5,578 ಬಗೆಯ ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ ವೈಜ್ಞಾನಿಕ ಹೆಸರು ಇದ್ದದ್ದು 436ಕ್ಕೆ. ಉಳಿದವು ನಮ್ಮ ಮಟ್ಟಿಗೆ ಇನ್ನೂ ನಾಮಕರಣವಾಗದ ಶಿಶುಗಳು. ಯಾವುದು ಎಷ್ಟು ವರ್ಷ ಬದುಕುತ್ತದೆ, ಮರಿಗಳು ಎಷ್ಟು ದೂರ ತೇಲಿಹೋಗುತ್ತವೆ, ಅದೇ ಜಾತಿ ಇನ್ನೆಲ್ಲಾದರೂ ಇದೆಯೇ ಎಂಬ ಪ್ರಶ್ನೆಗಳು ಹೆಸರಿಟ್ಟ ಮೇಲೆ ಬರುವಂಥವು.

ಮಣ್ಣಿನ ಒಳಗೇ ಒಂದು ದೊಡ್ಡ ಸಂಸಾರ ಇದೆ: ಕೂದಲೆಳೆಗಿಂತ ಸಣ್ಣ ದುಂಡುಹುಳುಗಳು, ಬಿರುಗೂದಲಿನ ಹುಳುಗಳು, ಚಿಕ್ಕ ಚಿಪ್ಪುಜೀವಿಗಳು. ಹೆಚ್ಚಿನವು ಇರುವುದು ಮಣ್ಣಿನ ಮೇಲಿನ ಕೆಲವು ಸೆಂಟಿಮೀಟರಿನಲ್ಲಿ, ಯಾಕೆಂದರೆ ಉದುರಿದ ಊಟ ಬಂದು ಸೇರುವುದು ಅಲ್ಲಿಗೇ. ಮೇಲೆ ನಡೆದಾಡುವವರಲ್ಲಿ ಕಡಲಸೌತೆಗಳು ಮುಖ್ಯ. ಒಂದು ಕಡಲಸೌತೆ ಹಳದಿ ಬಣ್ಣದ್ದು, ಅಂಟುಮಿಠಾಯಿಯ ಹಾಗೆ ನಡುಗುವ ಮೈ, ಬೆನ್ನ ತುದಿಯಲ್ಲಿ ಬಾಲ ಎತ್ತಿದಂಥ ಹಾಯಿ. ಮಣ್ಣು ತಿನ್ನುತ್ತ, ಹಿಂದೆ ಹಿಕ್ಕೆಯ ಗೆರೆ ಬಿಡುತ್ತ ನಿಧಾನಕ್ಕೆ ಹೋಗುತ್ತಿರುತ್ತದೆ. ಎರೆಹುಳು ಹೊಲಕ್ಕೆ ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತಿದೆ. ಒಂದೇ ಜೀವಕೋಶದ ಜೀವಿಯೊಂದು ಮಣ್ಣಿನ ಕಣಗಳನ್ನು ಅಂಟಿಸಿಕೊಂಡು ಮುಷ್ಟಿಗಾತ್ರದ ಗೂಡು ಕಟ್ಟುತ್ತದೆ. ಮುಟ್ಟಿದರೆ ಪುಡಿಯಾಗುವಷ್ಟು ನಾಜೂಕು, ಆದರೆ ಅದರ ಸಂದುಗಳಲ್ಲಿ ಇನ್ನೂ ಹತ್ತಾರು ಪ್ರಾಣಿಗಳು ಬಾಡಿಗೆಗಿರುತ್ತವೆ.

ಇಡೀ ವಿಚಾರದ ಕೀಲು ಈಗ ಹೇಳುವುದರಲ್ಲಿದೆ. ಸಾವಿರಾರು ಕಿಲೋಮೀಟರ್ ಬರೀ ಮೆತ್ತನೆಯ ಕೆಸರಿರುವ ಕಡೆ ಕಾಲೂರಲು ಗಟ್ಟಿ ಜಾಗ ಎಲ್ಲಿದೆ? ಸ್ಪಂಜು, ಹವಳ, ಕಡಲಹೂವು ಇವೆಲ್ಲ ಒಂದು ಕಡೆ ಅಂಟಿಕೊಂಡು ಬದುಕುವಂಥವು. ಕೆಸರಿಗೆ ಅಂಟಿಕೊಳ್ಳಲು ಇವುಗಳಲ್ಲಿ ಹೆಚ್ಚಿನವಕ್ಕೆ ಆಗುವುದಿಲ್ಲ. ಅವುಗಳಿಗೆ ಸಿಗುವ ಬಂಡೆ ಅಂದರೆ ಆ ಗಂಟು ಒಂದೇ. ಆ ವಲಯದಲ್ಲಿ ಕಣ್ಣಿಗೆ ಕಾಣುವ ಗಾತ್ರದ ಪ್ರಾಣಿಗಳನ್ನು ಸಂಗ್ರಹಿಸಿ ನೋಡಿದಾಗ ಅರ್ಧದಷ್ಟು ಜಾತಿಗಳು ಗಂಟುಗಳನ್ನೇ ನೆಚ್ಚಿಕೊಂಡಿದ್ದವು. 2017ರಲ್ಲಿ ಹೆಸರು ಪಡೆದ ಒಂದು ಸ್ಪಂಜು ಇದೆ, ಕೆಲವೇ ಮಿಲಿಮೀಟರ್ ಅಗಲದ್ದು. ಗಂಟಿನ ಮೇಲೆ ಬಿಳಿ ಚುಕ್ಕೆಯಂತೆ ಕಾಣುತ್ತದೆ. ಅಲ್ಲಿ ಅದು ಎಷ್ಟು ಸಾಮಾನ್ಯ ಅಂದರೆ ಗಂಟು ಹೆಕ್ಕಿದವರ ಕೈಗೆ ಮೊದಲಿನಿಂದಲೂ ಬರುತ್ತಲೇ ಇದ್ದಿರಬೇಕು, ಯಾರೂ ಗಮನಿಸಿರಲಿಲ್ಲ ಅಷ್ಟೆ.

ಡಿಸ್ಕೋಲ್ ಸಾಲುಗಳನ್ನು ನೋಡಲು 2015ರಲ್ಲಿ ಹೋಗಿದ್ದ ತಂಡದ ಕ್ಯಾಮೆರಾಗೆ ಇನ್ನೊಂದು ದೃಶ್ಯ ಸಿಕ್ಕಿತು. ಗಂಟಿನ ಮೇಲೆ ಬೆಳೆದು, ಎಂದೋ ಸತ್ತುಹೋದ ಸ್ಪಂಜಿನ ದಂಟು. ನೆಟ್ಟಗೆ ನಿಂತ ಕಡ್ಡಿಯಂಥದ್ದು. ಅದರ ಸುತ್ತ ತೋಳುಗಳನ್ನು ಬಳಸಿ ಒಂದು ಬೆಳ್ಳನೆಯ ಆಕ್ಟೋಪಸ್ ಕೂತಿತ್ತು. ತೋಳಿನ ಅಡಿಯಲ್ಲಿ ದಂಟಿಗೆ ಅಂಟಿಸಿದ ಮೊಟ್ಟೆಗಳು, ಸುಮಾರು ಮೂವತ್ತು. ಆ ಒಂದು ಚಿತ್ರದಲ್ಲಿ ಎಷ್ಟು ಕೊಂಡಿಗಳಿವೆ ನೋಡಿ: ಹಲ್ಲಿನ ಸುತ್ತ ಗಂಟು ಬೆಳೆಯಲು ಲಕ್ಷಾಂತರ ವರ್ಷ, ಗಂಟಿನ ಮೇಲೆ ಸ್ಪಂಜು ಬೆಳೆದು ಬಾಳಿ ಸಾಯಲು ಅದರದೇ ಕಾಲ, ಉಳಿದ ದಂಟಿನ ಮೇಲೆ ತಾಯಿಯ ಕಾವಲು. ಮೊದಲ ಕೊಂಡಿಯನ್ನು ಎತ್ತಿಕೊಂಡರೆ ಮಿಕ್ಕವು ತಾವಾಗಿ ಕಳಚುತ್ತವೆ. ಆ ಮೊದಲ ಕೊಂಡಿಯೇ ಗಣಿಗೆ ಬೇಕಾದ ಅದಿರು.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಚೈನಿನ ಗಾಲಿಯ ಮೇಲೆ ಓಡುವ, ಹಲವು ಟನ್ ತೂಕದ ವಾಹನ ಅದು. ಮುಂಭಾಗದಲ್ಲಿ ರಭಸದ ನೀರು ಬಿಟ್ಟು ಗಂಟುಗಳನ್ನು ಎಬ್ಬಿಸಿ ಒಳಗೆಳೆದುಕೊಳ್ಳುತ್ತದೆ. ಮೇಲ್ಮಣ್ಣಿನ ಹಲವು ಸೆಂಟಿಮೀಟರ್ ಕೂಡ ಜೊತೆಗೇ ಬರುತ್ತದೆ. ಗಂಟುಗಳು ನಾಲ್ಕು ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹಡಗಿಗೆ ಏರುತ್ತವೆ. ಮಣ್ಣಿನ ಬಹುಪಾಲು ವಾಹನದ ಹಿಂದೆ ಮೋಡವಾಗಿ ಹೊರಬೀಳುತ್ತದೆ. ಊಟ, ವಸತಿ, ಉಸಿರು ಎಲ್ಲ ಇದ್ದ ಪದರ ಹೋಗುತ್ತದೆ, ಉಳಿದದ್ದರ ಮೇಲೆ ವಾಹನದ ಭಾರ ಹಾದು ಮಣ್ಣು ಗಟ್ಟಿಯಾಗುತ್ತದೆ.

2022ರಲ್ಲಿ ಒಂದು ಕಂಪನಿ ಕ್ಲಾರಿಯನ್-ಕ್ಲಿಪರ್ಟನ್ ವಲಯದಲ್ಲಿ ದೊಡ್ಡ ಪ್ರಮಾಣದ ಪರೀಕ್ಷೆ ನಡೆಸಿ ಮೂರು ಸಾವಿರ ಟನ್ನಿನಷ್ಟು ಗಂಟುಗಳನ್ನು ಮೇಲೆತ್ತಿತು. ಅದಕ್ಕೆ ಮೊದಲು ಮತ್ತು ಅದಾದ ಮೇಲೆ ಅಲ್ಲಿಯ ಮಣ್ಣನ್ನು ಸೋಸಿ, ಮಿಲಿಮೀಟರಿನ ಭಾಗದಷ್ಟು ಸಣ್ಣ ಪ್ರಾಣಿಗಳನ್ನು ಒಂದೊಂದಾಗಿ ಎಣಿಸಿದ ಅಧ್ಯಯನ 2025ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ವಾಹನ ಹಾದ ಜಾಡಿನಲ್ಲಿ ಪ್ರಾಣಿಗಳ ಸಂಖ್ಯೆ ಶೇ. 37ರಷ್ಟು, ಜಾತಿಗಳ ಸಂಖ್ಯೆ ಶೇ. 32ರಷ್ಟು ಇಳಿದಿತ್ತು. ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು: ಯಾರೂ ಮುಟ್ಟದ ಜಾಗದಲ್ಲೂ ವರ್ಷದಿಂದ ವರ್ಷಕ್ಕೆ ಜೀವಿಗಳ ಸಂಖ್ಯೆ ಏರಿಳಿಯುತ್ತದೆ. ಈ ಎರಡನೆಯ ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಸಹಜ ಏರಿಳಿತ ಎಷ್ಟು ಎಂದು ದೀರ್ಘಕಾಲ ನೋಡಿ ತಿಳಿಯದೆ, ಹಾನಿ ಎಷ್ಟು ಎಂದು ನಿಖರವಾಗಿ ಹೇಳಲು ಬರುವುದಿಲ್ಲ. ಹಾಗೆ ಕೂತು ನೋಡುವ ತಾಳ್ಮೆಗೆ ಯಾವ ಗುತ್ತಿಗೆಯಲ್ಲೂ ಸಮಯ ಇಟ್ಟಿರುವುದಿಲ್ಲ.

ಇನ್ನು ಬಗ್ಗಡ. ಕೆಸರಿನ ಮೋಡ ಎಷ್ಟು ದೂರ ಹೋಗುತ್ತದೆ ಎಂಬುದರ ಮೇಲೆ ತುಂಬ ಚರ್ಚೆ ನಡೆದಿದೆ. 2021ರ ಒಂದು ಪರೀಕ್ಷೆಯಲ್ಲಿ ಅಳೆದಾಗ, ಎದ್ದ ಹೂಳಿನ ಶೇ. 92ರಿಂದ 98ರಷ್ಟು ತಳದಿಂದ ಎರಡು ಮೀಟರ್ ಎತ್ತರದ ಒಳಗೇ ಉಳಿಯಿತು. ಇದನ್ನು ಒಳ್ಳೆಯ ಸುದ್ದಿ ಎಂದು ಹೇಳಿಕೊಂಡವರಿದ್ದಾರೆ. ಮೇಲಿನ ನೀರಿನಲ್ಲಿ ಈಜುವವರಿಗೆ ಅದು ಒಳ್ಳೆಯದೇ ಇರಬಹುದು. ಆದರೆ ನಾನು ಇಷ್ಟು ಹೊತ್ತು ಹೇಳಿದ ಸ್ಪಂಜು, ಹವಳ, ಕಡಲಸೌತೆ, ದಂಟಿಗೆ ಅಂಟಿದ ಮೊಟ್ಟೆ ಎಲ್ಲವೂ ಇರುವುದು ಆ ಎರಡು ಮೀಟರಿನ ಒಳಗೇ. ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಮಣ್ಣು ಬೀಳುವ ಜಾಗ ಅದು. ಅಲ್ಲಿಯ ನೀರು ತಿಳಿಯಾಗಿರುತ್ತದೆ ಎಂದು ನೆಚ್ಚಿಕೊಂಡೇ ಆ ಪ್ರಾಣಿಗಳ ಸೋಸುವ ಅಂಗಗಳು ಬೆಳೆದು ಬಂದಿವೆ. ಒಂದೇ ದಿನ ಕೆಲವು ಮಿಲಿಮೀಟರ್ ಹೂಳು ಮೈಮೇಲೆ ಬಿದ್ದರೆ ಸ್ಪಂಜಿನ ರಂಧ್ರಗಳು ಕಟ್ಟಿಕೊಳ್ಳುತ್ತವೆ, ಚಿಕ್ಕವು ಹೂತೇ ಹೋಗುತ್ತವೆ. ಓಡಿಹೋಗಲು ಅವಕ್ಕೆ ಕಾಲಿಲ್ಲ.

ಯಾವುದೂ ಮರಳಿ ಬರುವುದೇ ಇಲ್ಲವೇ? ಬರುತ್ತದೆ, ಅದನ್ನು ಮುಚ್ಚಿಡಬಾರದು. 1979ರಲ್ಲಿ ನಾಲ್ಕು ದಿನ ಗಣಿ ಯಂತ್ರವೊಂದನ್ನು ಪರೀಕ್ಷಿಸಿದ ಜಾಡನ್ನು ಬ್ರಿಟಿಷ್ ವಿಜ್ಞಾನಿಗಳು 44 ವರ್ಷದ ನಂತರ ಹೋಗಿ ನೋಡಿದರು. 2025ರಲ್ಲಿ ಬಂದ ಅವರ ವರದಿಯಲ್ಲಿ, ಸಣ್ಣ, ಓಡಾಡುವ ಪ್ರಾಣಿಗಳಲ್ಲಿ ಕೆಲವು ಜಾಡಿನೊಳಗೆ ಮತ್ತೆ ನೆಲೆಸಿವೆ ಎಂದಿದೆ. ಬಗ್ಗಡ ಬಿದ್ದ ಅಕ್ಕಪಕ್ಕದಲ್ಲಿ ಶಾಶ್ವತ ಇಳಿಕೆಯೂ ಕಾಣಲಿಲ್ಲ. ಓದಿದಾಗ ನನಗೆ ಸಮಾಧಾನವಾಯಿತು. ಆದರೆ ಯಂತ್ರ ಹಾದ ಗುರುತು ಹಾಗೇ ಇತ್ತು, ದೊಡ್ಡ ಮೈಯ, ಅಂಟಿ ಕೂರುವ ಪ್ರಾಣಿಗಳು ಆಗಲೂ ಬಹಳ ವಿರಳವಾಗಿದ್ದವು. ಅವು ಬಂದು ಕೂರಲು ಗಂಟು ಬೇಕಲ್ಲ. ಇನ್ನೊಂದು ಮಾತು ನೆನಪಿಡಿ, ಅದು ನಾಲ್ಕು ದಿನದ ಕೆಲಸ, ಕೆಲವೇ ಮೀಟರ್ ಅಗಲದ ಪಟ್ಟಿ. ಪಕ್ಕದ ಕೆಡದ ನೆಲದಿಂದ ಹುಳುಗಳು ತೆವಳಿ ಬರಬಹುದಿತ್ತು. ನಿಜವಾದ ಗಣಿಗೆ ಲೆಕ್ಕ ಹಾಕಿ: ಚದರ ಮೀಟರಿಗೆ 15 ಕಿಲೋ ಗಂಟು ಸಿಗುತ್ತದೆ ಅಂದುಕೊಂಡರೆ, ವರ್ಷಕ್ಕೆ 30 ಲಕ್ಷ ಟನ್ ಎತ್ತಲು 200 ಚದರ ಕಿಲೋಮೀಟರ್ ನೆಲ ಕೆರೆಯಬೇಕು. ಅಂಥ ಒಂದು ಗಣಿ ಮೂವತ್ತು ವರ್ಷ ನಡೆದರೆ ಆರು ಸಾವಿರ ಚದರ ಕಿಲೋಮೀಟರ್. ಅದರ ನಟ್ಟನಡುವಿಗೆ ಯಾವ ಪಕ್ಕದಿಂದ ಹುಳು ತೆವಳಿ ಬಂದೀತು?

ಗಂಟುಗಳ ಬಯಲಲ್ಲದೆ ಬೇರೆ ಎರಡು ಕಡೆಯೂ ಗಣಿಗಾರರ ಕಣ್ಣಿದೆ. ಮುಳುಗಿದ ಬೆಟ್ಟಗಳ ಮೇಲಿನ ಕೋಬಾಲ್ಟ್ ಹೊರಪದರ ಒಂದು. ಅಲ್ಲಿ ಅದಿರು ಬೇಕಾದರೆ ಹವಳದ ತೋಪಿನ ನೆಲವನ್ನೇ ಕೆತ್ತಬೇಕು. ಇನ್ನೊಂದು ಬಿಸಿನೀರಿನ ಬುಗ್ಗೆಗಳ ಸುತ್ತ ಕೂಡಿದ ತಾಮ್ರ, ಸತು, ಚಿನ್ನ. ಹಿಂದೂ ಮಹಾಸಾಗರದ ಇಂಥ ಬುಗ್ಗೆಗಳ ಬಳಿ 2001ರಲ್ಲಿ ಒಂದು ಬಸವನಹುಳು ಸಿಕ್ಕಿತು. ಅದರ ಕಾಲಿನ ಮೇಲೆ ಹೆಂಚು ಹೊದಿಸಿದಂತೆ ಶಲ್ಕಗಳು, ಶಲ್ಕಗಳ ಮೇಲೆ ಕಬ್ಬಿಣದ ಸಲ್ಫೈಡಿನ ಲೇಪ. ಕವಚಕ್ಕೆ ಕಬ್ಬಿಣ ಬಳಸುವ ಇಂಥ ಪ್ರಾಣಿ ಬೇರೆಲ್ಲೂ ಕಂಡಿಲ್ಲ. ಊಟಕ್ಕೂ ಅದು ಬಾಯಿಯನ್ನು ನೆಚ್ಚಿಲ್ಲ, ಅನ್ನನಾಳದ ಗ್ರಂಥಿಯಲ್ಲಿ ಸಾಕಿಕೊಂಡ ಬ್ಯಾಕ್ಟೀರಿಯಾಗಳೇ ಅಡುಗೆಯವರು. ಆಗ ಗೊತ್ತಿದ್ದ ಅದರ ನೆಲೆಗಳನ್ನೆಲ್ಲ ಕೂಡಿಸಿದರೆ 0.02 ಚದರ ಕಿಲೋಮೀಟರ್, ಮೂರು ಫುಟ್‌ಬಾಲ್ ಮೈದಾನದಷ್ಟು. 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಕಡಲಾಳದ ಗಣಿಗಾರಿಕೆಯ ಭಯದಿಂದಲೇ ಆ ಪಟ್ಟಿ ಸೇರಿದ ಮೊದಲ ಪ್ರಾಣಿ ಅದು.

ಕಾನೂನಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. 1967ರಲ್ಲಿ ಮಾಲ್ಟಾದ ರಾಯಭಾರಿ ಅರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ನಿಂತು, ಯಾವ ದೇಶದ ಗಡಿಗೂ ಸೇರದ ಸಮುದ್ರತಳ ಇಡೀ ಮನುಕುಲದ ಸೊತ್ತಾಗಬೇಕು ಎಂದು ವಾದಿಸಿದರು. 1982ರ ಸಮುದ್ರ ಕಾನೂನು ಒಪ್ಪಂದ ಆ ಮಾತನ್ನು ಒಪ್ಪಿಕೊಂಡಿತು. ಅದರ ಅಡಿಯಲ್ಲಿ 1994ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ ಬಂತು, ಅದರ ಕಚೇರಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿದೆ. ಕ್ಲಾರಿಯನ್-ಕ್ಲಿಪರ್ಟನ್ ವಲಯದಲ್ಲಿ 13 ಪ್ರದೇಶಗಳನ್ನು ಗಣಿಗಾರಿಕೆಯಿಂದ ದೂರ ಇಟ್ಟಿರುವುದು ಈ ಪ್ರಾಧಿಕಾರ ಮಾಡಿದ ಒಳ್ಳೆಯ ಕೆಲಸ. 2021ರಲ್ಲಿ ನೌರು ಎಂಬ ಪುಟ್ಟ ದೇಶ, ಎರಡು ವರ್ಷದೊಳಗೆ ಗಣಿ ನಿಯಮಗಳನ್ನು ಮುಗಿಸಿ ಎಂದು ಒತ್ತಾಯಿಸುವ ಕಲಮನ್ನು ಬಳಸಿತು. ಗಡುವು 2023ರ ಜುಲೈಗೆ ಮುಗಿಯಿತು, ನಿಯಮ ಮುಗಿಯಲಿಲ್ಲ. ಸಾಕಷ್ಟು ತಿಳಿಯುವವರೆಗೆ ತಡೆಯಿರಿ ಎನ್ನುವ ದೇಶಗಳು ಸುಮಾರು ನಲವತ್ತು ಆಗಿವೆ. ಇತ್ತ ಒಪ್ಪಂದಕ್ಕೆ ಸೇರದ ಅಮೆರಿಕ 2025ರ ಏಪ್ರಿಲಿನಲ್ಲಿ ತನ್ನದೇ ಕಾನೂನಿನಡಿ ಅನುಮತಿ ಕೊಡುವ ದಾರಿ ತೆರೆಯಿತು. ನನ್ನ ನಿಲುವು ಕೇಳುವುದಾದರೆ, ತಡೆಯಿರಿ ಅನ್ನುವವರ ಜೊತೆ ನಾನಿದ್ದೇನೆ. ತಡೆದರೆ ಗಂಟುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಅಷ್ಟು ಕಾಲ ಕೂತಿವೆ, ಇನ್ನೊಂದು ಐವತ್ತು ವರ್ಷ ಕೂತಿರುತ್ತವೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು: "ಸರ್, ಭೂಮಿಯ ಮೇಲಿನ ಗಣಿಗಳಲ್ಲಿ ಕಾಡು ಹೋಗುತ್ತೆ, ಜನ ಊರು ಬಿಡ್ತಾರೆ, ಮಕ್ಕಳು ಕೆಲಸ ಮಾಡ್ತಾರೆ. ವಿದ್ಯುತ್ ಗಾಡಿಗೆ ಬ್ಯಾಟರಿ ಬೇಕೇ ಬೇಕು. ಹುಳು ಹೋದರೂ ಪರವಾಗಿಲ್ಲ ಅನ್ನಬಾರದೇ?"

ಈ ಪ್ರಶ್ನೆಯಲ್ಲಿ ನೋವಿದೆ, ಅದನ್ನು ತಳ್ಳಿಹಾಕಲಾರೆ ಎಂದೆ. ನೆಲದ ಮೇಲಿನ ಗಣಿಗಳು ಮಾಡಿದ ಅನ್ಯಾಯ ನಿಜ. ಆದರೆ ಸಮುದ್ರದಲ್ಲಿ ಒಂದು ಗಣಿ ತೆರೆದರೆ ನೆಲದ ಮೇಲೆ ಒಂದು ಗಣಿ ಮುಚ್ಚುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಎರಡೂ ಒಟ್ಟಿಗೆ ನಡೆಯುತ್ತವೆ. ಬ್ಯಾಟರಿಯ ವಿಷಯಕ್ಕೆ ಬಂದರೆ, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಲ್ಲಿ ನಿಕ್ಕಲೂ ಇಲ್ಲ, ಕೋಬಾಲ್ಟೂ ಇಲ್ಲ, ಅವು ಈಗಾಗಲೇ ಲಕ್ಷಗಟ್ಟಲೆ ಗಾಡಿಗಳಲ್ಲಿ ಓಡುತ್ತಿವೆ. ಹಳೆಯ ಬ್ಯಾಟರಿಯಿಂದ ಲೋಹವನ್ನು ಮತ್ತೆ ತೆಗೆಯಬಹುದು. ನೆಲದ ಗಣಿಯಲ್ಲಿ ಏನು ಹಾಳಾಯಿತು ಎಂದು ನಮಗೆ ಗೊತ್ತು, ಮರದ ಹೆಸರು, ಊರಿನ ಹೆಸರು ಹೇಳಿ ಜಗಳವಾಡಬಹುದು. ಹೆಸರೇ ಇಲ್ಲದ ಐದು ಸಾವಿರ ಜೀವಿಗಳ ಪರವಾಗಿ ಯಾರು ಏನೆಂದು ಅರ್ಜಿ ಬರೆದಾರು?

ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಹೊರಗೆ ಬಂದ ಮೇಲೂ ಮಾತಾಡಿದೆವು.

ಕೊನೆಗೆ ಎದ್ದವಳು ಶಾಲೆಯ ಹುಡುಗಿ. "ಆ ಆಕ್ಟೋಪಸ್ ಅಮ್ಮ ಎಷ್ಟು ದಿನ ಹಾಗೇ ಕೂತಿರುತ್ತೆ?"

ಬೆಳ್ಳನೆಯ ಆಕ್ಟೋಪಸ್ಸಿನ ದಿನಗಳನ್ನು ಯಾರೂ ಎಣಿಸಿಲ್ಲಮ್ಮ, ಆದರೆ ಅದರ ದೂರದ ನೆಂಟಸ್ತಿಯೊಬ್ಬಳ ಲೆಕ್ಕ ಇದೆ ಅಂದೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕಣಿವೆಯಲ್ಲಿ, 1,400 ಮೀಟರ್ ಆಳದಲ್ಲಿ, 2007ರ ಮೇ ತಿಂಗಳಲ್ಲಿ ಒಂದು ತಾಯಿ ಬಂಡೆಗೆ ಮೊಟ್ಟೆ ಅಂಟಿಸಿ ಕೂತದ್ದನ್ನು ವಿಜ್ಞಾನಿಗಳು ನೋಡಿದರು. ಮೈಮೇಲಿನ ಗಾಯದ ಗುರುತಿನಿಂದ ಅವಳನ್ನು ಗುರುತಿಸುತ್ತಿದ್ದರು. ಮತ್ತೆ ಮತ್ತೆ ಹೋದರು, ಹೋದಾಗಲೆಲ್ಲ ಅವಳು ಅದೇ ಬಂಡೆಯ ಮೇಲೆ, ಅದೇ ಜಾಗದಲ್ಲಿ. ಏಡಿಗಳು ಮುಂದೆಯೇ ಹಾದುಹೋದರೂ ಅವಳು ತಿಂದದ್ದನ್ನು ಯಾರೂ ಕಾಣಲಿಲ್ಲ. ಮೈ ಸೊರಗುತ್ತ ಬಂತು, ಬಣ್ಣ ಬಿಳಿಚಿಕೊಂಡಿತು, ಕಣ್ಣು ಮಸುಕಾಯಿತು, ಮೊಟ್ಟೆಗಳು ಮಾತ್ರ ದೊಡ್ಡದಾಗುತ್ತ ಹೋದವು. 2011ರ ಸೆಪ್ಟೆಂಬರಿನಲ್ಲಿ ಕಂಡದ್ದೇ ಕೊನೆ. ಒಟ್ಟು 53 ತಿಂಗಳು. ಅಕ್ಟೋಬರಿನಲ್ಲಿ ಹೋದಾಗ ತಾಯಿ ಇರಲಿಲ್ಲ. ಬಂಡೆಯ ಮೇಲೆ, ಅವಳು ಅಂಟಿಸಿದ ಜಾಗದಲ್ಲೇ, ಮರಿಗಳು ಬಿಟ್ಟುಹೋದ ಖಾಲಿ ಮೊಟ್ಟೆಯ ಚೀಲಗಳು ನೀರಿನಲ್ಲಿ ಅಲುಗುತ್ತಿದ್ದವು.